ಅರಳಿ ಮರಕ್ಕೆ ಹೆಣ್ಣು ವಿಶೇಷಣ ಯಾಕೆ?

ನೋಯ್ಡಾಕ್ಕೆ ಬಂದ ಹೊಸದರಲ್ಲಿ, ಮರಗಳ ಲ್ಯಾಟಿನ್ ಹೆಸರು ಸರಿಯಿದೆಯಾ ಅಂತ ನೋಡೋಕೆ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಮೊದಲ ಪದ ‘ಅಸ್’ ಅಂತ ಮುಗಿದರೆ ವಿಶೇಷಣವೂ ‘ಅಸ್’ ಅಂತಲೇ ಮುಗಿಯಬೇಕು, ಇಷ್ಟೇ ನಿಯಮ. ಅದು ಅರಳಿ ಮರದ ‘ಫೈಕಸ್ ರಿಲಿಜಿಯೋಸಾ’ವನ್ನು ‘ರಿಲಿಜಿಯೋಸಸ್’ ಅಂತ ತಿದ್ದಿಬಿಡ್ತು! 1753ರಲ್ಲಿ ಲಿನೇಯಸ್ ಇಟ್ಟ ಹೆಸರನ್ನ.

ತಪ್ಪು ನನ್ನದೇ. ‘ರಿಲಿಜಿಯೊ’ ಅಂದರೆ ದೇವರ ವಿಷಯದ ಭಯಭಕ್ತಿ. ‘ಓಸಸ್’ ಸೇರಿದರೆ ಅದು ತುಂಬಿರುವಂಥದ್ದು, ಹೆಚ್ಚುಕಮ್ಮಿ ನಮ್ಮ ‘ಗುಣವಂತ’ದ ‘ವಂತ’ ಇದ್ದ ಹಾಗೆ. ಪುಲ್ಲಿಂಗಕ್ಕೆ ರಿಲಿಜಿಯೋಸಸ್, ಸ್ತ್ರೀಲಿಂಗಕ್ಕೆ ರಿಲಿಜಿಯೋಸಾ, ನಪುಂಸಕಕ್ಕೆ ರಿಲಿಜಿಯೋಸಮ್. ಆದರೆ ವಿಶೇಷಣ ನೋಡೋದು ನಾಮಪದದ ಲಿಂಗವನ್ನ, ಅದರ ಬಾಲವನ್ನಲ್ಲ. ಲ್ಯಾಟಿನ್‌ನಲ್ಲಿ ಮರದ ಹೆಸರುಗಳು ಸಾಮಾನ್ಯವಾಗಿ ಸ್ತ್ರೀಲಿಂಗ, ಕೊನೆಯಲ್ಲಿ ‘ಅಸ್’ ಇದ್ದರೂ. ಹುಣಸೆ ‘ಟ್ಯಾಮರಿಂಡಸ್ ಇಂಡಿಕಾ’ ಆಗಿದ್ದೂ ಹಾಗೇ.

ಕನ್ನಡದಲ್ಲಿ ಒಳ್ಳೆ ಹುಡುಗ, ಒಳ್ಳೆ ಹುಡುಗಿ, ಒಳ್ಳೆ ಮರ. ‘ಒಳ್ಳೆ’ ಅಲ್ಲಾಡಲ್ಲ. ಅದಕ್ಕೇ ನಮಗೆ ಇದು ಚಟ್ಟನೆ ಹೊಳೆಯಲ್ಲ. ಆಫೀಸಲ್ಲಿ ‘ಅಚ್ಛಾ ಗಾಡಿ’ ಅಂದು ಎಲ್ಲರನ್ನೂ ನಗಿಸಿದ್ದೆ, ‘ಅಚ್ಛೀ’ ಅನ್ನಬೇಕಿತ್ತು. ಆಮೇಲೆ ಎಷ್ಟೋ ದಿನ ಮೀಟಿಂಗಲ್ಲಿ ಹಿಂದಿ ಮಾತಾಡೋಕೇ ಹಿಂಜರಿಕೆ.

ಮಜಾ ನೋಡಿ, ಅದೇ ಅರಳಿ ಹಿಂದಿಯಲ್ಲಿ ‘ಪೀಪಲ್’, ಪುಲ್ಲಿಂಗ. ಲ್ಯಾಟಿನ್‌ನಲ್ಲಿ ಹೆಣ್ಣು. ನಮಗೆ ‘ಅದು’. ಈಗ ನನ್ನ ಪ್ರೋಗ್ರಾಂನಲ್ಲಿ ಲಿಂಗಕ್ಕೇ ಬೇರೆ ಕಾಲಂ ಇದೆ.