ಹಳೆಯ ನಗೆಗೆ ಹೊಸ ಕಂತು

(ವಾಚಕರ ಕೂಟವೊಂದರಲ್ಲಿ ನಮ್ಮ ವರದಿಗಾರ ಮಾಡಿದ ಭಾಷಣ)



ಈಟಿವಿ ಕನ್ನಡದಲ್ಲಿ ‘ಪಾಪ ಪಾಂಡು’ ಬರುತ್ತಿದ್ದ ದಿನಗಳು ತಮಗೆ ನೆನಪಿರಬಹುದು. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಹೆಂಡತಿಯ ಕೈಗೆ ಸಿಕ್ಕಿ ಪಾಂಡು ಪಡುವ ಪಾಡು ನೋಡಿ ನಮ್ಮ ತಾತ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. 2018ರಲ್ಲಿ ಅದೇ ಧಾರಾವಾಹಿ ಕಲರ್ಸ್ ಸೂಪರ್‌ನಲ್ಲಿ ಮತ್ತೆ ಬಂತು. ಪಾಂಡುವಾಗಿ ಅದೇ ಚಿದಾನಂದ, ಪತ್ನಿಯಾಗಿ ಅದೇ ಶಾಲಿನಿ. ಅಮ್ಮ ಎರಡು ದಿನ ನೋಡಿದರು. ಮೂರನೆಯ ದಿನ, ‘ಚೆನ್ನಾಗೇ ಇದೆ ಕಣೋ, ಆದರೆ ಜೊತೆಗೆ ನಗೋಕೆ ನಿಮ್ಮ ತಾತ ಇಲ್ಲವಲ್ಲ’ ಎಂದು ಟಿ.ವಿ. ಆರಿಸಿದರು.

ನೆಚ್ಚಿನ ಹಾಸ್ಯ ಧಾರಾವಾಹಿಯ ಮುಂದುವರಿದ ಭಾಗ ಬಂದಾಗ ಅದರ ಮೊದಲ ವೀಕ್ಷಕರು ನಿಜವಾಗಿ ಕಾಯುವುದು ಪಾತ್ರಗಳಿಗಾಗಿಯೋ ಅಥವಾ ತಾವು ಕಳೆದ ಆ ಸಂಜೆಗಳಿಗಾಗಿಯೋ? ಇದೇ ಇಂದಿನ ನನ್ನ ಪ್ರಶ್ನೆ.

ವಾಹಿನಿಗಳ ಲೆಕ್ಕ ಸರಳ. ಹೊಸ ಪಾತ್ರವನ್ನು ಮನೆಮಾತಾಗಿಸಲು ಸಮಯ ಬೇಕು, ಹಣವೂ ಬೇಕು. ಹಳೆಯ ಪಾತ್ರಕ್ಕೆ ಪರಿಚಯದ ಅಗತ್ಯವಿಲ್ಲ. ವೀಕ್ಷಕರ ಲೆಕ್ಕ ಅಷ್ಟು ಸರಳವಲ್ಲ.

ಅರ್ಧ ಶತಮಾನದ ಹಿಂದೆಯೇ ಇದನ್ನು ಅರಿತವರು ಇಂಗ್ಲೆಂಡಿನ ಬರಹಗಾರರಾದ ಡಿಕ್ ಕ್ಲೆಮೆಂಟ್ ಮತ್ತು ಇಯಾನ್ ಲಾ ಫ್ರೆನೆ. 1964ರಿಂದ 1966ರವರೆಗೆ ಬಿಬಿಸಿಯಲ್ಲಿ ಬಂದ ಅವರ ‘ದಿ ಲೈಕ್ಲಿ ಲ್ಯಾಡ್ಸ್’ ಕಾರ್ಖಾನೆಯಲ್ಲಿ ದುಡಿಯುವ ಇಬ್ಬರು ಗೆಳೆಯರ ಕಥೆ. ಕೊನೆಗೆ ಬಾಬ್ ಸೈನ್ಯ ಸೇರಲು ಹೊರಡುತ್ತಾನೆ. ಅವನನ್ನು ಬಿಟ್ಟಿರಲಾರದೆ ಟೆರಿಯೂ ಹೆಸರು ಕೊಡುತ್ತಾನೆ. ಚಪ್ಪಟೆ ಪಾದವೆಂಬ ಕಾರಣಕ್ಕೆ ಬಾಬ್ ಮನೆಗೆ ಮರಳುತ್ತಾನೆ, ಟೆರಿ ಸಿಕ್ಕಿಬೀಳುತ್ತಾನೆ!

ಕಥೆ 1973ರಲ್ಲಿ ಮುಂದುವರಿಯಿತು. ಟೆರಿ ಸೈನ್ಯದಿಂದ ಬಂದು ನೋಡಿದರೆ ಬಾಬ್ ಕಚೇರಿ ನೌಕರಿ ಹಿಡಿದಿದ್ದಾನೆ, ಮದುವೆ ಗೊತ್ತಾಗಿದೆ, ಬಾಳು ಹೊಸ ಬಡಾವಣೆಯತ್ತ ಹೊರಟಿದೆ. ಊರಿನ ಹಳೆಯ ಬೀದಿಗಳನ್ನು ಕೆಡವಲಾಗಿದೆ. ನಟರಾದ ರಾಡ್ನಿ ಬ್ಯೂಸ್ ಮತ್ತು ಜೇಮ್ಸ್ ಬೋಲಮ್ ಅವರಿಗೂ ಅಷ್ಟೇ ವಯಸ್ಸಾಗಿತ್ತು, ವೀಕ್ಷಕರಿಗೂ ಆಗಿತ್ತು. ಕಾಲ ಸರಿದದ್ದನ್ನು ಬರಹಗಾರರು ಮುಚ್ಚಿಡಲಿಲ್ಲ, ಅದನ್ನೇ ನಗೆಯ ವಸ್ತುವಾಗಿಸಿದರು. ಮೊದಲನೆಯದಕ್ಕಿಂತ ಇದೇ ಮೇಲು ಎನ್ನುವವರು ಇಂದಿಗೂ ಇದ್ದಾರೆ.

ಅವರಿಗೆ ಇನ್ನೊಂದು ಅನುಕೂಲವೂ ಇತ್ತು. ಆಗ ಟೇಪುಗಳನ್ನು ಅಳಿಸಿ ಮತ್ತೆ ಬಳಸುವ ರೂಢಿಯಿದ್ದುದರಿಂದ ಮೊದಲ ಸರಣಿಯ ಅನೇಕ ಕಂತುಗಳು ನಾಶವಾದವು. ಮನೆಯಲ್ಲಿ ಕಂತುಗಳನ್ನು ರೆಕಾರ್ಡ್ ಮಾಡಿಟ್ಟುಕೊಂಡವರೂ ಅಪರೂಪ. ಹೋಲಿಸಿ ನೋಡಲು ಜನರ ಬಳಿ ಇದ್ದದ್ದು ಬಹುಮಟ್ಟಿಗೆ ನೆನಪು ಮಾತ್ರ.

ಇಂದು ಹಾಗಲ್ಲ. ನಮ್ಮ ದೇಶದ ‘ಸಾರಾಭಾಯ್ ವರ್ಸಸ್ ಸಾರಾಭಾಯ್’ ಎಂಬ ಹಿಂದಿ ಧಾರಾವಾಹಿಯನ್ನೇ ನೋಡಿ. ಮುಂಬೈನ ಸಿರಿವಂತ ಅತ್ತೆ ಮಾಯಾ, ಮಧ್ಯಮ ವರ್ಗದ ಸೊಸೆ ಮೊನಿಷಾ, ಇಬ್ಬರ ಜಗಳಕ್ಕೆ ತುಪ್ಪ ಸುರಿಯುವ ಮಾವ ಇಂದ್ರವದನ. 2004ರಲ್ಲಿ ಸ್ಟಾರ್ ಒನ್ ವಾಹಿನಿಯಲ್ಲಿ ಆರಂಭವಾದಾಗ ಇದನ್ನು ನೋಡಿದವರು ಹೆಚ್ಚಿರಲಿಲ್ಲ. 2006ರಲ್ಲಿ ನಿಂತಿತು. ಮರುಪ್ರಸಾರ ಮತ್ತು ಅಂತರ್ಜಾಲದಿಂದ ಜನ ಅದನ್ನು ತಡವಾಗಿ ಅಪ್ಪಿಕೊಂಡರು. 2017ರಲ್ಲಿ ಹಾಟ್‌ಸ್ಟಾರ್‌ನಲ್ಲಿ ಎರಡನೆಯ ಭಾಗ ಬಂದಾಗ, ಹಳೆಯ ಕಂತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ಇವರೇ ನ್ಯಾಯಾಧೀಶರು. ಕಲಾವಿದರು ಅವರೇ ಇದ್ದರೂ ‘ಆ ಸೊಗಸಿಲ್ಲ’ ಎಂಬ ಮಾತು ಕೇಳಿಬಂತು. ಹೊಸ ಕಂತಿನ ಪ್ರತಿಸ್ಪರ್ಧಿ ಬೇರೆ ಧಾರಾವಾಹಿಯಲ್ಲ, ಬೆರಳ ತುದಿಯಲ್ಲೇ ಸಿಗುವ ಅದರದೇ ಹಳೆಯ ಕಂತು.

ಇಂದ್ರವದನನಾಗಿದ್ದ ಸತೀಶ್ ಶಾ 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ಇನ್ನು ಮತ್ತೊಂದು ಭಾಗ ಬಂದರೂ ಆ ಮನೆಯಲ್ಲೊಂದು ಕುರ್ಚಿ ಖಾಲಿ.

ನಮ್ಮ ಮನೆಯಲ್ಲೂ ಹಾಗೆಯೇ. ಆದ್ದರಿಂದ ಧಾರಾವಾಹಿ ತಯಾರಿಸುವವರಲ್ಲಿ ನನ್ನದೊಂದು ವಿನಂತಿ. ಹಳೆಯ ಪಾತ್ರಗಳನ್ನು ಖಂಡಿತ ಕರೆತನ್ನಿ, ಆದರೆ ಅವರ ತಲೆಗೂದಲಿಗೆ ಬಣ್ಣ ಹಚ್ಚಬೇಡಿ. ಅವರ ಮನೆಯಲ್ಲೂ ಯಾರೋ ಇಲ್ಲವಾಗಿದ್ದಾರೆ ಎಂದು ತೋರಿಸಿ. ಆಗ ಅಮ್ಮ ನಾಲ್ಕನೆಯ ದಿನವೂ ಟಿ.ವಿ. ಹಾಕಿಯಾರು.