ಗುಳಿಗೆ ಬಿಟ್ಟ ಯೌವನ



ರಕ್ತದೊತ್ತಡವೆಂದರೆ ಮುದಿಪ್ರಾಯದ ಕಾಯಿಲೆ ಎಂಬ ಭಾವನೆ ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15 ವರ್ಷ ಮೇಲ್ಪಟ್ಟ ಪುರುಷರಲ್ಲಿ ಶೇ. 24 ಮತ್ತು ಮಹಿಳೆಯರಲ್ಲಿ ಶೇ. 21 ಮಂದಿ ಅಧಿಕ ರಕ್ತದೊತ್ತಡ ಉಳ್ಳವರು ಅಥವಾ ಅದಕ್ಕಾಗಿ ಔಷಧಿ ಸೇವಿಸುವವರು. ಇವರೆಲ್ಲ ಅಜ್ಜ-ಅಜ್ಜಿಯರೇ? ಇವರಲ್ಲಿ ಮೂವತ್ತು ದಾಟಿದ ಆಟೋ ಚಾಲಕರಿದ್ದಾರೆ, ರಾತ್ರಿಪಾಳಿಯ ನೌಕರರಿದ್ದಾರೆ, ಎಳೆಯ ಮಕ್ಕಳ ತಾಯಂದಿರಿದ್ದಾರೆ.

ನಾವು ಇಂದು ಚರ್ಚಿಸಬಯಸುವುದು ರೋಗ ಪತ್ತೆಯಾದ ಬಳಿಕ ಏನಾಗುತ್ತದೆ ಎಂಬುದನ್ನು. ವೈದ್ಯರು ಚೀಟಿ ಬರೆಯುತ್ತಾರೆ. ಯುವಕ ಎರಡು ತಿಂಗಳು ಗುಳಿಗೆ ನುಂಗುತ್ತಾನೆ. 160 ಇದ್ದದ್ದು 130ಕ್ಕೆ ಇಳಿಯುತ್ತದೆ. ಗುಣವಾಯಿತೆಂದು ತೀರ್ಮಾನಿಸಿ ಬಿಟ್ಟುಬಿಡುತ್ತಾನೆ. ಅಂಕಿ ಇಳಿದದ್ದು ಗುಳಿಗೆಯಿಂದ ಎಂಬುದನ್ನು ಅವನಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಒತ್ತಡ ಮತ್ತೆ ಏರುತ್ತದೆ. ಹೆಚ್ಚಿನವರಲ್ಲಿ ನೋವಿಲ್ಲದೆ, ಸುದ್ದಿಯಿಲ್ಲದೆ ಏರುತ್ತದೆ. ಹೃದಯದ ಸ್ನಾಯು ದಪ್ಪಗಾಗುವುದು, ಮೂತ್ರಪಿಂಡದ ಸೂಕ್ಷ್ಮ ನಾಳಗಳು ಹಾಳಾಗುವುದು ಈ ಮೌನದ ವರ್ಷಗಳಲ್ಲಿಯೇ. ಮೂವತ್ತರಲ್ಲಿ ಆರಂಭವಾದವನಿಗೆ ಅಂತಹ ವರ್ಷಗಳು ಹೆಚ್ಚು ಎಂಬುದನ್ನು ಮರೆಯಬಾರದು. ದೀರ್ಘಕಾಲದ ಕಾಯಿಲೆಗಳಿಗೆ ಔಷಧಿಯನ್ನು ಕ್ರಮಬದ್ಧವಾಗಿ ಸೇವಿಸುವವರ ಪ್ರಮಾಣ ಶ್ರೀಮಂತ ದೇಶಗಳಲ್ಲಿಯೂ ಸರಾಸರಿ ಶೇ. 50 ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿಯೇ ವರದಿ ಮಾಡಿತ್ತು. ಆದ್ದರಿಂದ ಇದನ್ನು ಕೇವಲ ಅನಕ್ಷರತೆಯ ತಲೆಗೆ ಕಟ್ಟುವಂತಿಲ್ಲ.

ನಮ್ಮಲ್ಲಿ ಇದಕ್ಕೆ ಮುಚ್ಚಿಡುವ ಚಾಳಿಯೂ ಸೇರಿಕೊಂಡಿದೆ. ಹುಡುಗನಿಗೆ ಸಂಬಂಧ ನೋಡುತ್ತಿರುವಾಗ ಗುಳಿಗೆಯ ಡಬ್ಬಿ ಕಪಾಟಿನೊಳಗೆ ಸೇರುತ್ತದೆ. ಗಲ್ಫ್‌ಗೆ ಹೊರಟವನಿಗೆ ವೈದ್ಯಕೀಯ ತಪಾಸಣೆಯ ಭಯ. "ಒಮ್ಮೆ ಆರಂಭಿಸಿದರೆ ಜೀವನವಿಡೀ ನುಂಗಬೇಕು" ಎಂದು ಹೆದರಿಸುವ ಬಂಧುಗಳಿಗಂತೂ ಬರವಿಲ್ಲ. ಕಾಲು ಊದಿಕೊಂಡರೆ, ಒಣಕೆಮ್ಮು ಬಂದರೆ ವೈದ್ಯರು ಬೇರೆ ಗುಳಿಗೆ ಕೊಡಬಲ್ಲರು. ಆದರೆ ಅವರ ಬಳಿಗೆ ಹೋಗುವ ಬದಲು ಔಷಧಿಯನ್ನೇ ತೊರೆಯುತ್ತಾರೆ. ಮಗುವನ್ನು ಬಯಸುವ ಸಹೋದರಿಯರು ಮಾತ್ರ ಮುಂಚಿತವಾಗಿಯೇ ವೈದ್ಯರಿಗೆ ತಿಳಿಸಬೇಕು. ಟೆಲ್ಮಿಸಾರ್ಟನ್, ಎನಲಾಪ್ರಿಲ್‌ನಂತಹವು ಗರ್ಭದಲ್ಲಿರುವ ಶಿಶುವಿಗೆ ಅಪಾಯಕಾರಿ. ಅವುಗಳ ಬದಲಿಗೆ ಕೊಡಬಹುದಾದ ಔಷಧಿಗಳಿವೆ.

ಬಡತನದ ಮಾತೂ ಬರುತ್ತದೆ. ಆಮ್ಲೋಡಿಪಿನ್ ದುಬಾರಿಯಲ್ಲ, ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ದುಬಾರಿಯಾಗಿರುವುದು ಸರದಿಯಲ್ಲಿ ನಿಂತು ಕಳೆದುಕೊಳ್ಳುವ ಒಂದು ದಿನದ ಕೂಲಿ. 2017ರಲ್ಲಿ ಆರಂಭವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮವು ಕನಿಷ್ಠ 30 ದಿನಗಳ ಔಷಧಿಯನ್ನು ಒಮ್ಮೆಗೇ ಕೊಡುವ ಕ್ರಮಕ್ಕೆ ಒತ್ತು ನೀಡಿದ್ದು ಈ ಕಾರಣಕ್ಕಾಗಿಯೇ. ರಾಜ್ಯ ಸರಕಾರವು 2024ರಲ್ಲಿ ಕೋಲಾರದಿಂದ ಗೃಹ ಆರೋಗ್ಯ ಯೋಜನೆಯನ್ನು ಆರಂಭಿಸಿತು. ಆದರೆ ಹಗಲಿಡೀ ದುಡಿಯುವವನು ಮನೆಬಾಗಿಲಿಗೆ ಬಂದ ಸಿಬ್ಬಂದಿಗೂ ಸಿಗಲಾರ. ಸಂಜೆಯ ಚಿಕಿತ್ಸಾಲಯಗಳಿಗಾಗಿ ನಮ್ಮ ಜನಪ್ರತಿನಿಧಿಗಳನ್ನು ಒತ್ತಾಯಿಸಿದ್ದೇವೆಯೇ? ಸಮುದಾಯ ಭವನದ ಅನುದಾನಕ್ಕಾಗಿ ಮಾತ್ರ ಅವರ ಬಾಗಿಲು ಬಡಿಯುತ್ತೇವೆ.

ರಮಝಾನಿನಲ್ಲಿ ಗುಳಿಗೆ ನಿಲ್ಲಿಸುವ ಯುವಕರಿದ್ದಾರೆ. ರೋಗಿಗೆ ಕುರ್‌ಆನ್ ರಿಯಾಯಿತಿ ನೀಡಿದೆ. ಇನ್ನು, ದಿನಕ್ಕೊಮ್ಮೆ ಸೇವಿಸುವ ಗುಳಿಗೆಯನ್ನು ಸಹ್ರಿ ಅಥವಾ ಇಫ್ತಾರಿನ ಸಮಯಕ್ಕೆ ಹೊಂದಿಸಲು ಹೆಚ್ಚಿನವರಿಗೆ ಸಾಧ್ಯವಿದೆ. ಮೂತ್ರ ಹೆಚ್ಚಿಸುವ ಗುಳಿಗೆಯವರು ನಿರ್ಜಲೀಕರಣದ ಬಗ್ಗೆ ಉಪವಾಸಕ್ಕೆ ಮುನ್ನವೇ ವೈದ್ಯರನ್ನು ಕೇಳಲಿ. ಶಅಬಾನ್ ತಿಂಗಳಲ್ಲಿಯೇ ಜುಮಾದ ಬಳಿಕ ಮಸೀದಿಯ ಆವರಣದಲ್ಲಿ ಒತ್ತಡ ಅಳೆಯುವ ಯಂತ್ರವೊಂದನ್ನಿಟ್ಟು, ವೈದ್ಯರೊಬ್ಬರನ್ನು ಕರೆಸಿ ಇದನ್ನೆಲ್ಲ ಹೇಳಿಸುವುದು ಜಮಾಅತಿನ ಆಡಳಿತಕ್ಕೆ ಕಷ್ಟವೇನಲ್ಲ.