ಘುಣಾಕ್ಷರ

ಸಂಸ್ಕೃತದಲ್ಲಿ ಘುಣಾಕ್ಷರ ನ್ಯಾಯವೆಂಬುದೊಂದಿದೆ. ಮರವನ್ನು ಕೊರೆಯುವ ಘುಣವೆಂಬ ಹುಳು ತಿನ್ನುತ್ತ ಸಾಗಿದ ಜಾಡು ಒಮ್ಮೊಮ್ಮೆ ಅಕ್ಷರದಂತೆ ಕಾಣುತ್ತದೆ. ಬರೆಯಬೇಕೆಂಬ ಉದ್ದೇಶ ಹುಳುವಿಗಿಲ್ಲ. ಎಣಿಸದೆ ಒದಗಿದ ಫಲಕ್ಕೆ ಇದು ಉಪಮಾನ. ಬಹುಕಾಲ ತರಗತಿಗಳಲ್ಲಿ ಇದನ್ನು ವಿವರಿಸಿದ ನಾನು ಆ ಹುಳುವನ್ನು ಕಣ್ಣಾರೆ ಕಂಡವನಲ್ಲ. ನಿವೃತ್ತನಾಗಿ ರಾವೂರದ ಹಿರಿಯರ ಮನೆಗೆ ಮರಳಿದ ಬೇಸಿಗೆಯಲ್ಲಿ ಅದೇ ನನ್ನನ್ನು ಕಾಣಲು ಬಂದಿತು.

ರಾವೂರ, ವಾಡಿ, ಶಹಾಬಾದಗಳೆಂದರೆ ಕಲ್ಲಿನ ಸೀಮೆ. ನೆಲಕ್ಕೂ ಪರಸಿ, ಗೋಡೆಗೂ ಕಲ್ಲು. ಆದರೆ ಹಳೆಯ ಮಾಳಿಗೆಯ ಮನೆಗಳಲ್ಲಿ ಮೇಲಿನ ಮಣ್ಣಿನ ಭಾರವನ್ನು ಹೊತ್ತು ನಿಂತಿರುವುದು ಕಟ್ಟಿಗೆಯ ಕಂಬ, ತೊಲೆ, ಜಂತಿಗಳೇ. ಒಂದು ಬೆಳಿಗ್ಗೆ ಹಾಸಿಗೆಯ ಮೇಲೆ ಹಿಟ್ಟಿನಂಥ ಪುಡಿ ಉದುರಿತ್ತು. ತಲೆಯೆತ್ತಿದರೆ ಜಂತಿಯ ತುಂಬ ಗುಂಡುಸೂಜಿಯ ತಲೆಯಷ್ಟು ತೂತುಗಳು. “ವರಲಿ ಹತ್ಯಾದ್ರಿ, ಕೆಡವಿ ಸ್ಲ್ಯಾಬ್ ಹಾಕ್ರಿ” ಎಂದ ಮೇಸ್ತ್ರಿ. ಮಕ್ಕಳಿಗೂ ಅದೇ ಇಷ್ಟ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲಿನ ಓಕ್ ಛಾವಣಿಯನ್ನು ಕೊರಕ ದುಂಬಿಗಳು ಟೊಳ್ಳು ಮಾಡಿದಾಗ, 1914ರಿಂದ 1923ರವರೆಗೆ ಉಕ್ಕಿನ ಆಸರೆ ಕೊಟ್ಟು ಉಳಿಸಿಕೊಂಡರೆಂದು ನಾನು ಹೇಳಿದೆ. “ಅದು ಅರಸರ ಮನೆ, ಅಪ್ಪಾ” ಎಂದಳು ಮಗಳು.

ವರಲಿ, ಎಂದರೆ ಗೆದ್ದಲು, ನೆಲದಿಂದ ಮಣ್ಣಿನ ಸುರಂಗ ಕಟ್ಟಿಕೊಂಡು ಏರುತ್ತದೆ. ಇದು ಅದಲ್ಲ; ಕುಟ್ಟೆ ಹುಳು, ದುಂಬಿಯ ಜಾತಿ. ತಾಯಿದುಂಬಿ ಮರದ ಸೂಕ್ಷ್ಮ ರಂಧ್ರಗಳಲ್ಲಿ ಮೊಟ್ಟೆಯಿಡುತ್ತದೆ. ಮರಿ ತಿಂಗಳುಗಟ್ಟಲೆ ಒಳಗೇ ತಿಂದು, ದುಂಬಿಯಾಗಿ ತೂತು ಕೊರೆದು ಹೊರಬೀಳುತ್ತದೆ. ಆದುದರಿಂದ ನಮಗೆ ಕಾಣುವುದು ಹುಳು ಹೊಕ್ಕ ಬಾಗಿಲಲ್ಲ, ಹೊರಟುಹೋದ ಬಾಗಿಲು. ಅದಕ್ಕೆ ಬೇಕಾದುದು ಪಿಷ್ಟ. ಅದಿರುವುದು ಮರದ ಹೊರಗಿನ ಬಿಳಿಯ ಭಾಗದಲ್ಲಿ. ನಡುವಿನ ಚೇಗನ್ನು ಈ ಹುಳು ಮುಟ್ಟದು.

ಊರಿನ ವಯಸ್ಸಾದ ಬಡಿಗರೊಬ್ಬರು ಏಣಿ ಹತ್ತಿ ಉಳಿಯಿಂದ ಚುಚ್ಚಿ ನೋಡಿದರು. “ಸಾಗವಾನಿ ತೊಲಿ ಗಟ್ಟಿ ಅದರಿ. ಈ ಜಾಲಿ ಜಂತಿ ಯಾರು ಹಾಕಿಸಿದ್ರಿ?”

ಹಾಕಿಸಿದವನು ನಾನೇ. ಹಿಂದೊಮ್ಮೆ ಮಾಳಿಗೆ ಸೋರಿದಾಗ, ರಜೆ ಮುಗಿಯುವ ಅವಸರದಲ್ಲಿ, ಹಸಿ ಜಾಲಿಯನ್ನು ಕಡಿಸಿ ಹಾಗೆಯೇ ಏರಿಸಿದ್ದೆ. ಹಿಂದಿನವರು ಅದನ್ನು ತಿಂಗಳುಗಟ್ಟಲೆ ನೀರಿನಲ್ಲಿ ನೆನೆಹಾಕಿ, ಪಿಷ್ಟ ಕಳೆದ ಮೇಲೆ ಒಣಗಿಸಿ ಬಳಸುತ್ತಿದ್ದರು. ಅಜ್ಜನ ಸಾಗವಾನಿಗೆ ಮುಪ್ಪಡರಿತೆಂದು ನಾವು ಮರುಗುತ್ತಿದ್ದೆವು. ಕೇಡು ಬಂದದ್ದು ಮೊಮ್ಮಗನ ಹೊಸ ಕಟ್ಟಿಗೆಯಿಂದ.

ಒಳಗೆ ಹುಳು ಬದುಕಿದೆಯೋ ಇಲ್ಲವೋ ಎಂದು ತಿಳಿಯಲು, ಪುಡಿಯನ್ನು ಗುಡಿಸಿ ತೂತುಗಳ ಮೇಲೆ ಕಾಗದ ಅಂಟಿಸಿದೆವು. ಹೊಸ ದುಂಬಿ ಬಂದರೆ ಕಾಗದ ತೂತಾಗಬೇಕು. ನನ್ನಲ್ಲಿ ಕಾಗದಕ್ಕೇನು ಕೊರತೆ? ಹಳೆಯ ಪಾಠದ ಟಿಪ್ಪಣಿಗಳು ಜಂತಿಗೇರಿದವು. ಎರಡು ತಿಂಗಳಲ್ಲಿ ಜಾಲಿಯ ಮೇಲಿನ ಹಾಳೆಗಳು ಜರಡಿಯಾದವು; ಸಾಗವಾನಿಯ ಮೇಲಿನವು ಹಾಗೆಯೇ ಉಳಿದವು.

ಮಾಳಿಗೆಗೆ ಊರೆ ಕೊಟ್ಟು ನಾಲ್ಕು ಜಾಲಿ ಜಂತಿಗಳನ್ನು ಬಿಡಿಸಿ ಸುಟ್ಟೆವು. ಅವುಗಳ ಜಾಗಕ್ಕೆ ಸಾಗವಾನಿ ದೊರೆತದ್ದು, ಮನೆ ಕೆಡವಿ ಸ್ಲ್ಯಾಬ್ ಹಾಕಿಸಿದ ನೆರೆಯವರಿಂದ. ಉಳಿದ ಮರದ ಬಣ್ಣ ಕೆರೆದು, ಬಿಳಿಗಾರ ಮತ್ತು ಬೋರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ಮೂರು ಸಲ ಬಳಿದೆವು. ಬಣ್ಣವಿದ್ದರೆ ಅದು ಒಳಗಿಳಿಯದು. ಮಳೆ ತಾಗಿದರೆ ತೊಳೆದುಹೋಗುತ್ತದೆ. ಆದುದರಿಂದ ಸೋರಿಕೆಯನ್ನು ಮೊದಲು ನಿಲ್ಲಿಸಬೇಕು. ಕೆಲವರು ಸೀಮೆಎಣ್ಣೆ ಸುರಿಯುತ್ತಾರೆ. ಅದು ಆರುವವರೆಗೆ ನಮಗೆ ಬೆಂಕಿಯ ಭಯ; ಆರಿದ ಮೇಲೆ ಹುಳುವಿಗೆ ಯಾವ ಭಯವೂ ಇಲ್ಲ.

ಈ ಬೇಸಿಗೆಯಲ್ಲಿಯೂ ಕಾಗದ ಅಂಟಿಸಿದ್ದೇನೆ, ಕೇಳುಗರೇ. ಈವರೆಗೆ ಒಂದೇ ತೂತು ಬಿದ್ದಿದೆ, ಅಡಿಗೆಮನೆಯ ಬಾಗಿಲುವಾಡದ ಬಿಳಿಯಂಚಿನಲ್ಲಿ. ಬಡಿಗರಿಗೆ ಹೇಳಿಕಳುಹಿಸಿದ್ದೇನೆ.